ಎಡೆದೊರೆ ನಾಡಿನ ಹರಿಗೋಲು: ತೇಲುವ ನೆಲೆಯ ವಿನ್ಯಾಸ ಮತ್ತು ಸ್ಥಳೀಯ ತಯಾರಿಕೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹಬ್ಬಿರುವ ರಾಯಚೂರು ಸೀಮೆಯನ್ನು ನಮ್ಮ ಶಾಸನಗಳು ‘ಎಡೆದೊರೆ ನಾಡು’ ಎಂದು ಕರೆದಿವೆ. ಎರಡು ತೊರೆಗಳ ಎಡೆಯಲ್ಲಿರುವ ನಾಡು ಎಂಬುದು ಇದರ ಅರ್ಥ. ದೇವದುರ್ಗ ತಾಲ್ಲೂಕಿನ ಅಂಚಿನಲ್ಲಿ ಕೃಷ್ಣೆಯೂ ಮಾನ್ವಿ ತಾಲ್ಲೂಕಿನ ಅಂಚಿನಲ್ಲಿ ತುಂಗಭದ್ರೆಯೂ ಹರಿಯುತ್ತವೆ. ರಾಯಚೂರು ತಾಲ್ಲೂಕು ಎರಡೂ ನದಿಗಳನ್ನು ಮುಟ್ಟುತ್ತದೆ. ಇಂತಹ ನಾಡಿನಲ್ಲಿ ಹೊಳೆಯನ್ನು ದಾಟುವುದು ದಿನನಿತ್ಯದ ಬದುಕಿನ ಪ್ರಶ್ನೆಯಾಗಿತ್ತು. ಸಂತೆ, ಜಾತ್ರೆ, ಹೆಣ್ಣು ತರುವುದು, ಹೊಲದ ಕೆಲಸ, ಕಾಯಿಲೆಯವರನ್ನು ಸಾಗಿಸುವುದು ಎಲ್ಲವೂ ಹೊಳೆಯ ಮೇಲೆ ಅವಲಂಬಿಸಿದ್ದವು. ಈ ಪ್ರಶ್ನೆಗೆ ಇಲ್ಲಿನ ಜನಪದರು ಕಂಡುಕೊಂಡ ಉತ್ತರವೇ ಹರಿಗೋಲು.

ಜಾನಪದವನ್ನು ಮೌಖಿಕ ಸಾಹಿತ್ಯ, ಭೌತಿಕ ಸಂಸ್ಕೃತಿ, ಸಾಮಾಜಿಕ ಆಚರಣೆ ಮತ್ತು ಪ್ರದರ್ಶನ ಕಲೆಗಳೆಂದು ನಾಲ್ಕಾಗಿ ವಿಂಗಡಿಸಿದ ರಿಚರ್ಡ್ ಡಾರ್ಸನ್ನನ ಕ್ರಮ ನಮ್ಮ ಅಧ್ಯಯನಗಳಲ್ಲಿ ಬಳಕೆಯಲ್ಲಿದೆ. ಆದರೆ ಹಾಡು, ಕಥೆ, ಆಟಗಳಿಗೆ ದೊರೆತ ಗಮನ ಭೌತಿಕ ಸಂಸ್ಕೃತಿಗೆ ದೊರೆತಿಲ್ಲ. ಹರಿಗೋಲನ್ನು ಕುರಿತು ಬರೆದವರೂ ಅದನ್ನು ಬಹುಮಟ್ಟಿಗೆ ಒಂದು ರೂಪಕವಾಗಿ ಕಂಡಿದ್ದಾರೆಯೇ ಹೊರತು ಒಂದು ವಿನ್ಯಾಸವಾಗಿ ನೋಡಿದ್ದು ಕಡಿಮೆ. ಇಂದು ಸಮುದ್ರದ ಮೇಲೆ ಗಾಳಿಯಂತ್ರಗಳನ್ನು ಹೊತ್ತು ನಿಲ್ಲುವ ಬೃಹತ್ ತೇಲುನೆಲೆಗಳನ್ನು ರೂಪಿಸುತ್ತಿರುವ ಎಂಜಿನಿಯರುಗಳು ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ: ಈ ನೆಲೆಯನ್ನು ಬಂದರಿನ ಹತ್ತಿರವೇ, ಅಲ್ಲಿನ ಕೈಗಳಿಂದ, ಅಲ್ಲಿ ಸಿಗುವ ಸಾಮಗ್ರಿಯಿಂದ ಕಟ್ಟುವಂತೆ ರೂಪಿಸಬಹುದೆ? ಎಡೆದೊರೆ ನಾಡಿನ ಹರಿಗೋಲು ಈ ಪ್ರಶ್ನೆಯನ್ನು ಶತಮಾನಗಳ ಹಿಂದೆಯೇ ಎದುರಿಸಿತ್ತು. ಅದು ಹೇಗೆ ಉತ್ತರಿಸಿತು, ಆ ಉತ್ತರದ ಬೆಲೆಯನ್ನು ಯಾರು ತೆತ್ತರು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಚಾರಿತ್ರಿಕ ಉಲ್ಲೇಖಗಳು

‘ಹರಿಗೋಲು’ ಎಂಬ ಪದವನ್ನು ಹರಿಯುವ ನೀರು ಮತ್ತು ಕೋಲು ಎಂದು ಬಿಡಿಸುವುದುಂಟು. ತೆಲುಗು ಭಾಷಿಕರು ಇದನ್ನೇ ‘ಪುಟ್ಟಿ’ ಎನ್ನುತ್ತಾರೆ. ಪುಟ್ಟಿಯೆಂದರೆ ಬುಟ್ಟಿ. ದಕ್ಷಿಣ ಕರ್ನಾಟಕದಲ್ಲಿ ‘ತೆಪ್ಪ’ ಎಂಬ ಮಾತು ಇದಕ್ಕೂ ಬಳಕೆಯಾಗುತ್ತದೆ.

ಕ್ರಿ.ಶ. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ಆನೆಗೊಂದಿಯ ಬಳಿ ತುಂಗಭದ್ರೆಯನ್ನು ದಾಟಿಸುತ್ತಿದ್ದ ದೋಣಿಗಳನ್ನು ವರ್ಣಿಸಿದ್ದಾನೆ. ಬುಟ್ಟಿಯಂತೆ ದುಂಡಗಿರುವ, ಒಳಗೆ ಬೆತ್ತದ ಹೆಣಿಗೆಯೂ ಹೊರಗೆ ಚರ್ಮದ ಹೊದಿಕೆಯೂ ಇರುವ ಈ ದೋಣಿಗಳು ಹದಿನೈದು ಇಪ್ಪತ್ತು ಜನರನ್ನು ಹೊರುತ್ತಿದ್ದವೆಂದೂ, ಅಗತ್ಯವಾದರೆ ಕುದುರೆ, ಎತ್ತುಗಳನ್ನೂ ಸಾಗಿಸುತ್ತಿದ್ದವೆಂದೂ, ನೇರವಾಗಿ ಸಾಗದೆ ಸುತ್ತುತ್ತಲೇ ಹೋಗುತ್ತಿದ್ದವೆಂದೂ ಅವನ ಬರೆಹದಿಂದ ತಿಳಿಯುತ್ತದೆ. ಅದೇ ೧೫೨೦ರಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್‌ಶಾಹನಿಗೂ ರಾಯಚೂರಿಗಾಗಿ ಯುದ್ಧ ನಡೆಯಿತು. ಸೋತ ಸೈನ್ಯ ಹಿಂದೆ ಸರಿಯುವಾಗ ಕೃಷ್ಣೆ ಅಡ್ಡವಾಗಿ ಅಪಾರ ಸಾವುನೋವು ಸಂಭವಿಸಿತು. ಸಾಕಷ್ಟು ತೇಲುವ ಸಾಧನಗಳಿಲ್ಲದ ಸೈನ್ಯಕ್ಕೆ ಈ ನಾಡಿನಲ್ಲಿ ಉಳಿವಿರಲಿಲ್ಲ.

೧೮೦೩ರ ಮರಾಠಾ ಯುದ್ಧದ ಸಂದರ್ಭದಲ್ಲಿ ಆರ್ಥರ್ ವೆಲ್ಲೆಸ್ಲಿ ಮಳೆಗಾಲದ ದಖನ್ ನದಿಗಳನ್ನು ದಾಟಲು ಬುಟ್ಟಿ ದೋಣಿಗಳನ್ನೇ ನೆಚ್ಚಿಕೊಂಡನು. ಅವುಗಳನ್ನು ಕಟ್ಟಿಸುವ ಬಗೆಯನ್ನು ಕುರಿತು ಅವನ ಪತ್ರಗಳಲ್ಲಿ ಸೂಚನೆಗಳಿವೆ. ಮರದ ದೋಣಿಗಳನ್ನು ಗಾಡಿಯ ಮೇಲೆ ನೂರಾರು ಮೈಲಿ ಹೇರಿಕೊಂಡು ಹೋಗುವುದಕ್ಕಿಂತ ನದಿಯ ದಂಡೆಯಲ್ಲಿಯೇ ಬಿದಿರು ಮತ್ತು ಚರ್ಮಗಳಿಂದ ದೋಣಿ ಕಟ್ಟಿಸುವುದು ಸೈನ್ಯಕ್ಕೆ ಸುಲಭವಾಗಿತ್ತು. ಮುಂದೆ ಜೇಮ್ಸ್ ಹಾರ್ನೆಲ್ ೧೯೩೩ರಲ್ಲಿ ದಕ್ಷಿಣ ಭಾರತದ ಹರಿಗೋಲುಗಳನ್ನು ಕುರಿತು ಲೇಖನ ಪ್ರಕಟಿಸಿ, ಇವುಗಳಿಗೆ ವಿದ್ವತ್ ವಲಯದಲ್ಲಿ ಒಂದು ಸ್ಥಾನವನ್ನು ಕಲ್ಪಿಸಿದನು.

ದುಂಡು ದೋಣಿ ನಮ್ಮ ನಾಡಿಗೆ ಮಾತ್ರ ಸೀಮಿತವಾದುದಲ್ಲ ಎಂಬುದೂ ಗಮನಾರ್ಹ. ಇರಾಕಿನ ಟೈಗ್ರಿಸ್ ನದಿಯಲ್ಲಿ ‘ಕುಫ’ ಎಂಬ ದುಂಡು ದೋಣಿಯಿತ್ತು. ಅಲ್ಲಿ ನೆಲದಿಂದಲೇ ಉಕ್ಕುವ ಡಾಂಬರನ್ನು ಅದರ ಹೊರಮೈಗೆ ಬಳಿಯುತ್ತಿದ್ದರು. ವೇಲ್ಸ್ ಪ್ರಾಂತದ ಬುಟ್ಟಿ ದೋಣಿಗೆ ಅಲ್ಲಿನ ಗಿಡಗಳ ಬಳುಕುವ ಕೊಂಬೆಗಳೂ ದನದ ಚರ್ಮವೂ ಬಳಕೆಯಾದವು. ಟಿಬೆಟ್ಟಿನಲ್ಲಿ ಯಾಕ್ ಮೃಗದ ಚರ್ಮದಿಂದ ದೋಣಿ ಕಟ್ಟಿದರು. ಹಗುರವಾದ ಹಂದರಕ್ಕೆ ನೀರು ನುಗ್ಗದ ಹೊದಿಕೆ ಎಂಬ ತತ್ವ ಎಲ್ಲೆಡೆ ಒಂದೇ. ಹಂದರ ಯಾವುದರದು, ಹೊದಿಕೆ ಯಾವುದರದು ಎಂಬುದನ್ನು ಮಾತ್ರ ಆಯಾ ನೆಲ ನಿರ್ಧರಿಸಿದೆ.

೨. ವಿನ್ಯಾಸದ ಸ್ವರೂಪ

ಹರಿಗೋಲಿನ ಆಕಾರ ನದಿಯ ಪಾತ್ರದಿಂದ ಹುಟ್ಟಿದ್ದು. ರಾಯಚೂರು ಸೀಮೆಯ ಕೃಷ್ಣೆಯ ಪಾತ್ರ ಬಂಡೆಗಳಿಂದ, ನಡುಗಡ್ಡೆಗಳಿಂದ, ಮರಳಿನ ದಿಣ್ಣೆಗಳಿಂದ ತುಂಬಿದೆ. ಬೇಸಿಗೆಯಲ್ಲಿ ಮೊಣಕಾಲುದ್ದದ ನೀರು, ಮಳೆಗಾಲದಲ್ಲಿ ದಡ ಮೀರಿದ ಸೆಳವು. ಇಲ್ಲಿ ಆಳವಾದ ತಳವುಳ್ಳ ಮರದ ದೋಣಿ ಬಂಡೆಗೆ ತಾಗಿ ಒಡೆಯುತ್ತದೆ. ಚಪ್ಪಟೆ ತಳದ, ಬಳುಕುವ ಬುಟ್ಟಿಯಾದರೋ ಬಂಡೆಗೆ ತಾಗಿದರೆ ತುಸು ತಗ್ಗಿ ಜಾರಿಕೊಳ್ಳುತ್ತದೆ. ಅದರಲ್ಲಿ ಮೊಳೆಯಿಲ್ಲ, ಬಿರುಸಾದ ಕೀಲಿಲ್ಲ. ಪೆಟ್ಟು ಇಡೀ ಹೆಣಿಗೆಗೆ ಹಂಚಿಹೋಗುತ್ತದೆ.

ಇದರ ಹೊರುವ ಶಕ್ತಿಯನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಎರಡೂವರೆ ಮೀಟರ್ ಅಡ್ಡಳತೆಯ ಹರಿಗೋಲಿನ ತಳದ ವಿಸ್ತೀರ್ಣ ಸುಮಾರು ೪.೯ ಚದರ ಮೀಟರ್. ಅದು ಒಂದು ಸೆಂಟಿಮೀಟರ್ ಮುಳುಗಿದರೆ ೪೯ ಲೀಟರ್ ನೀರನ್ನು ಸರಿಸುತ್ತದೆ, ಅಂದರೆ ೪೯ ಕಿಲೋಗ್ರಾಂ ಭಾರವನ್ನು ತಾಳುತ್ತದೆ. ತಲಾ ೬೦ ಕಿಲೋಗ್ರಾಂ ತೂಕದ ಹತ್ತು ಜನ ಕುಳಿತರೂ ಅದು ಹೆಚ್ಚುವರಿಯಾಗಿ ಇಳಿಯುವುದು ಸುಮಾರು ೧೨ ಸೆಂಟಿಮೀಟರ್ ಮಾತ್ರ. ಒಂದು ಗೇಣಿಗಿಂತ ಕಡಿಮೆ. ಆದುದರಿಂದಲೇ ಬಂಡೆಗಳ ಮೇಲೆ ತೆಳುವಾಗಿ ಹರಿಯುವ ನೀರಿನಲ್ಲಿಯೂ ಹರಿಗೋಲು ದಾಟುತ್ತದೆ. ಅಗಲವಾದ ತಳದಿಂದಾಗಿ ಅದು ಸುಲಭವಾಗಿ ವಾಲುವುದೂ ಇಲ್ಲ.

ಈ ವಿನ್ಯಾಸಕ್ಕೆ ತನ್ನದೇ ಮಿತಿಗಳಿವೆ. ಮುಂಗಡೆ ಹಿಂಗಡೆಗಳೆಂಬ ಭೇದವಿಲ್ಲದ ಕಾರಣ ಅದು ಸುತ್ತುತ್ತದೆ. ಅಂಬಿಗನು ಹುಟ್ಟನ್ನು ತನ್ನ ಮುಂದಿನ ನೀರಿನಲ್ಲಿ ಅತ್ತಿತ್ತ ಎಳೆಯುತ್ತ ಅದನ್ನು ಹತೋಟಿಯಲ್ಲಿಡಬೇಕು. ಸೆಳವಿಗೆ ಎದುರಾಗಿ ಹೋಗುವುದು ಕಷ್ಟ. ಹೀಗಾಗಿ ದಂಡೆಗುಂಟ ಮೇಲಕ್ಕೆ ಹೊತ್ತೊಯ್ದು, ಅಲ್ಲಿಂದ ಓರೆಯಾಗಿ ಇಳಿದು ಎದುರು ದಡವನ್ನು ಸೇರುವುದು ರೂಢಿ. ಹೊತ್ತೊಯ್ಯಲು ಬರುವಷ್ಟು ಹಗುರವಾಗಿರಬೇಕೆಂಬುದು ವಿನ್ಯಾಸದ ಒಂದು ಷರತ್ತೇ ಆಗಿದೆ. ಇನ್ನೂ ಮುಖ್ಯವಾದ ಮಿತಿಯೆಂದರೆ ಇದು ತೆರೆದ ಬಟ್ಟಲು. ನೀರು ಅಂಚನ್ನು ಮೀರಿ ಒಳನುಗ್ಗಿದ ಮೇಲೆ ಅದನ್ನು ತಡೆಯುವ ಮುಚ್ಚಿದ ಕೋಣೆಗಳು ಇದರಲ್ಲಿಲ್ಲ. ಜನ ಒಮ್ಮೆಲೆ ಎದ್ದು ಒಂದು ಬದಿಗೆ ಸರಿದರೆ ಅಪಾಯ ತಪ್ಪಿದ್ದಲ್ಲ. ಹರಿಗೋಲಿನಲ್ಲಿ ಕುಳಿತವರು ಅಲುಗಾಡಬಾರದೆಂಬ ಅಂಬಿಗನ ಗದರಿಕೆ ಕೇವಲ ಶಿಸ್ತಿನ ಮಾತಲ್ಲ, ಅದು ತೇಲುವಿಕೆಯ ನಿಯಮ.

೩. ಸಾಮಗ್ರಿ ಮತ್ತು ಕೈಗಳು

ಹರಿಗೋಲನ್ನು ಕಟ್ಟುವ ಕೆಲಸ ಬಿದಿರನ್ನು ಸೀಳುವುದರಿಂದ ಆರಂಭವಾಗುತ್ತದೆ. ಸೀಳಿದ ದಬ್ಬೆಗಳನ್ನು ಸಮತಟ್ಟಾದ ನೆಲದ ಮೇಲೆ ಒಂದರ ಮೇಲೊಂದು ಅಡ್ಡಡ್ಡ ಹಾಸಿ ತಳವನ್ನು ಹೆಣೆಯುತ್ತಾರೆ. ಹೆಣಿಗೆ ಅಲುಗದಂತೆ ಅದರ ಮೇಲೆ ಕಲ್ಲುಗಳನ್ನು ಹೇರುತ್ತಾರೆ. ಬಳಿಕ ಹೊರಚಾಚಿದ ತುದಿಗಳನ್ನು ಮೇಲಕ್ಕೆ ಬಾಗಿಸಿ ಗೋಡೆಯನ್ನು ಎಬ್ಬಿಸಿ, ಅಂಚನ್ನು ದಪ್ಪನಾದ ಸುತ್ತಿನಿಂದ ಬಿಗಿಯುತ್ತಾರೆ. ತಳಕ್ಕೆ ಗಟ್ಟಿ ಬಿದಿರಿನ ಆಧಾರ ಕೊಡುತ್ತಾರೆ. ಹಿಂದೆ ಇದರ ಹೊರಮೈಗೆ ಹದಮಾಡಿದ ಚರ್ಮಗಳನ್ನು ಒಂದಕ್ಕೊಂದು ಹೊಲಿದು ಹೊದಿಸುತ್ತಿದ್ದರು. ಒದ್ದೆಯಾಗಿಯೇ ಉಳಿದರೆ ಚರ್ಮ ಕೊಳೆಯುತ್ತದೆ, ಅತಿಯಾಗಿ ಒಣಗಿದರೆ ಬಿರಿಯುತ್ತದೆ. ಆದಕಾರಣ ಕೆಲಸ ಮುಗಿದೊಡನೆ ಬೋರಲು ಹಾಕಿ ಆರಿಸುವುದು, ಆಗಾಗ ಎಣ್ಣೆ ಸವರುವುದು ಅಂಬಿಗನ ದಿನಚರಿಯ ಭಾಗವಾಗಿತ್ತು.

ಇಲ್ಲಿ ಒಂದು ಪೂರೈಕೆಯ ಸರಪಳಿಯೇ ಇರುವುದನ್ನು ನಾವು ಕಾಣಬಹುದು. ಬಿದಿರನ್ನು ಹೆಣೆಯುವವರು ಮೇದಾರರು, ಚರ್ಮ ಹದಮಾಡುವವರು ಮಾದಿಗ, ಡೋಹರ, ಸಮಗಾರ ಸಮುದಾಯಗಳವರು, ಎಣ್ಣೆ ಕೊಡುವವರು ಗಾಣಿಗರು, ನಡೆಸುವವರು ಅಂಬಿಗರು, ಕಬ್ಬಲಿಗರು. ಹನ್ನೆರಡನೆಯ ಶತಮಾನದ ಶರಣರಲ್ಲಿ ಮೇದಾರ ಕೇತಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ ಈ ಮೂವರೂ ಇದ್ದುದನ್ನು ಇಲ್ಲಿ ಸ್ಮರಿಸಬಹುದು. ಒಂದು ಹರಿಗೋಲಿಗೆ ಬೇಕಾದ ಕಾಯಕಗಳೆಲ್ಲ ಅನುಭವ ಮಂಟಪದ ಪರಂಪರೆಯಲ್ಲಿ ಒಟ್ಟಿಗೆ ಕುಳಿತಿದ್ದವು.

ಆದರೆ ‘ಸ್ಥಳೀಯ’ ಎಂಬ ಮಾತನ್ನು ಎಚ್ಚರದಿಂದ ಬಳಸಬೇಕು. ರಾಯಚೂರು ಒಣಸೀಮೆ. ಹರಿಗೋಲಿಗೆ ಬೇಕಾಗುವಷ್ಟು ಬಿದಿರು ಇಲ್ಲಿನ ಬಯಲಿನಲ್ಲಿ ಬೆಳೆಯುವುದಿಲ್ಲ, ಅದು ಮಲೆಸೀಮೆಯ ಕಾಡುಗಳಿಂದ ಬರಬೇಕು. ಅಂದರೆ ಎಲ್ಲ ಸಾಮಗ್ರಿಯೂ ಊರಿನದೇ ಆಗಿರಲಿಲ್ಲ. ಸಾಮಗ್ರಿ ಹೊರಗಿನಿಂದ ಬಂದರೂ ಕಟ್ಟುವ ಬುದ್ಧಿ, ರಿಪೇರಿಯ ಕೈ ಮತ್ತು ಕೆಟ್ಟಾಗ ಬದಲಿ ಹುಡುಕುವ ಜಾಣ್ಮೆ ಊರಿನವಾಗಿದ್ದವು. ಸ್ಥಳೀಯ ತಯಾರಿಕೆಯ ತಿರುಳು ಇದೇ ಎಂದು ನನ್ನ ಅಭಿಪ್ರಾಯ.

೪. ಚರ್ಮದಿಂದ ಚೀಲಕ್ಕೆ

ಈ ಜಾಣ್ಮೆಗೆ ಉತ್ತಮ ನಿದರ್ಶನ ಹೊದಿಕೆಯ ಬದಲಾವಣೆ. ತುಂಗಭದ್ರಾ ಜಲಾಶಯದಿಂದ ೧೯೫೩ರಲ್ಲಿ ನೀರು ಹರಿಯತೊಡಗಿದ ಮೇಲೆ ಎಡದಂಡೆ ಕಾಲುವೆಯಿಂದಾಗಿ ಮಾನ್ವಿ ಸೀಮೆಯ ಜೋಳದ ಹೊಲಗಳು ಕ್ರಮೇಣ ಭತ್ತದ ಗದ್ದೆಗಳಾದವು. ಗದ್ದೆಗಳೊಂದಿಗೆ ರಸಗೊಬ್ಬರವೂ, ರಸಗೊಬ್ಬರದೊಂದಿಗೆ ಪ್ಲಾಸ್ಟಿಕ್ ಚೀಲಗಳೂ ಹಳ್ಳಿಗಳನ್ನು ಹೊಕ್ಕವು. ರಸ್ತೆ ಕಾಮಗಾರಿಗಳಿಂದ ಡಾಂಬರು ಕೈಗೆಟುಕುವ ವಸ್ತುವಾಯಿತು. ಚೀಲಗಳನ್ನು ಬಿಚ್ಚಿ ಹೊಲಿದು ಅಥವಾ ತಾಡಪತ್ರಿಯನ್ನು ಹೊದಿಸಿ, ಅದರ ಮೇಲೆ ಕಾಯಿಸಿದ ಡಾಂಬರನ್ನು ಬಳಿಯುವ ಕ್ರಮ ಬಂದಿತು. ಚರ್ಮದಂತೆ ಇದು ಕೊಳೆಯುವುದಿಲ್ಲ, ತೂತು ಬಿದ್ದರೆ ಒಂದು ತುಂಡು ಚೀಲ ಮತ್ತು ಹಿಡಿಯಷ್ಟು ಡಾಂಬರಿನಿಂದ ದಂಡೆಯಲ್ಲಿಯೇ ಸರಿಪಡಿಸಬಹುದು. ಆಕಾರ ಬದಲಾಗಲಿಲ್ಲ, ಹೆಣಿಗೆ ಬದಲಾಗಲಿಲ್ಲ. ಹೊಸ ಕಾಲದ ಕಸವೇ ಹಳೆಯ ವಿನ್ಯಾಸಕ್ಕೆ ಹೊದಿಕೆಯಾಯಿತು.

ಈ ಬದಲಾವಣೆಯ ಹಿಂದೆ ಇನ್ನೊಂದು ಕಾರಣವೂ ಉಂಟು. ಚರ್ಮದ ಪೂರೈಕೆ ಒಂದು ಕಾಲದಲ್ಲಿ ಸುಲಭವಾಗಿದ್ದುದು ಜಾತಿಯ ಬಲವಂತದಿಂದ. ಸತ್ತ ದನವನ್ನು ಹೊತ್ತು ಸುಲಿದು ಹದಮಾಡುವ ಕೆಲಸವನ್ನು ಕೆಲವೇ ಸಮುದಾಯಗಳ ಮೇಲೆ ಹೇರಿ, ಅವರ ಕೈಯ ವಸ್ತುವಿನಲ್ಲಿ ಕುಳಿತು ಹೊಳೆ ದಾಟಿದ ಸಮಾಜವೇ ಅವರನ್ನು ಮುಟ್ಟದೆ ದೂರವಿರಿಸಿತು. ದಲಿತ ಎಚ್ಚರದ ಫಲವಾಗಿ ಅನೇಕರು ಈ ಬಿಟ್ಟಿ ಚಾಕರಿಯನ್ನು ನಿರಾಕರಿಸಿದರು. ಇದನ್ನು ‘ಪರಂಪರೆಯ ನಾಶ’ ಎಂದು ಮರುಗುವುದು ಸಲ್ಲದು. ಅಂಬಿಗನ ಸ್ಥಿತಿಯೂ ಬಹಳ ಭಿನ್ನವಾಗಿರಲಿಲ್ಲ. ಸುಗ್ಗಿಯಲ್ಲಿ ಕೊಡುವ ಕಾಳೇ ಅವನ ವರ್ಷದ ಕೂಲಿ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆ ದಾಟಿದವರ ಕೃತಘ್ನತೆಯನ್ನು ಹೇಳುವಂತೆಯೇ ದಾಟಿಸಿದವನ ಅಭದ್ರತೆಯನ್ನೂ ಹೇಳುತ್ತದೆ. ಸ್ಥಳೀಯ ತಯಾರಿಕೆಯನ್ನು ಕೊಂಡಾಡುವ ಮುನ್ನ ಅದರ ಪ್ರತಿಯೊಂದು ಕೊಂಡಿಯಲ್ಲಿ ದುಡಿಯುವವರು ಇಚ್ಛೆಯಿಂದ, ತಕ್ಕ ಬೆಲೆಗೆ, ಗೌರವದಿಂದ ದುಡಿಯುತ್ತಿದ್ದಾರೆಯೇ ಎಂದು ಕೇಳುವುದು ಅಗತ್ಯ.

೫. ಕಡಲಿನ ತೇಲುನೆಲೆಗಳು

ಈ ಹಿನ್ನೆಲೆಯಲ್ಲಿ ಇಂದಿನ ಕಡಲ ಗಾಳಿಯಂತ್ರಗಳತ್ತ ಒಮ್ಮೆ ನೋಡಬಹುದು. ನೀರು ಆಳವಾಗಿರುವಲ್ಲಿ ಗಾಳಿಯಂತ್ರದ ಕಂಬವನ್ನು ಸಮುದ್ರದ ತಳಕ್ಕೆ ಊರುವುದು ದುಬಾರಿಯಾಗುತ್ತದೆ. ಆಗ ಅದನ್ನು ತೇಲುವ ನೆಲೆಯೊಂದರ ಮೇಲೆ ನಿಲ್ಲಿಸಿ, ಸರಪಳಿಗಳಿಂದ ತಳಕ್ಕೆ ಬಿಗಿಯುತ್ತಾರೆ. ಸ್ಕಾಟ್ಲೆಂಡಿನ ಕಡಲಿನಲ್ಲಿ ೨೦೧೭ರಲ್ಲಿ ಆರಂಭವಾದ ಹೈವಿಂಡ್ ಸ್ಥಾವರದಲ್ಲಿ ಇಂತಹ ಐದು ಯಂತ್ರಗಳಿದ್ದು, ಒಟ್ಟು ಸಾಮರ್ಥ್ಯ ೩೦ ಮೆಗಾವಾಟ್. ಅವುಗಳ ತೇಲುನೆಲೆ ನೆಟ್ಟಗೆ ನಿಂತ ಉಕ್ಕಿನ ಕೊಳವೆಯಂತಿದ್ದು, ನೀರಿನೊಳಗೆ ಸುಮಾರು ೮೦ ಮೀಟರ್ ಇಳಿದಿರುತ್ತದೆ. ಈ ಉಕ್ಕಿನ ಒಡಲುಗಳು ತಯಾರಾದದ್ದು ಸ್ಪೇನಿನಲ್ಲಿ. ಯಂತ್ರಗಳನ್ನು ಜೋಡಿಸಿದ್ದು ನಾರ್ವೆಯ ಆಳವಾದ ಕಡಲಕೊರಕಲಿನಲ್ಲಿ. ನಿಂತಿರುವುದು ಸ್ಕಾಟ್ಲೆಂಡಿನ ಕಡಲಿನಲ್ಲಿ. ಮುಂದೆ ನಾರ್ವೆಯಲ್ಲಿಯೇ ೨೦೨೩ರಲ್ಲಿ ಉದ್ಘಾಟನೆಯಾದ, ೧೧ ಯಂತ್ರಗಳ ೮೮ ಮೆಗಾವಾಟ್ ಸಾಮರ್ಥ್ಯದ ಟಾಂಪೆನ್ ಸ್ಥಾವರಕ್ಕೆ ಅದೇ ದೇಶದಲ್ಲಿ ಕಾಂಕ್ರೀಟಿನ ಒಡಲುಗಳನ್ನು ಎರಕ ಹೊಯ್ದು ಕಟ್ಟಿದರು. ಉಕ್ಕಿನ ಬದಲು ಕಾಂಕ್ರೀಟನ್ನು ಆರಿಸಿಕೊಂಡೊಡನೆ ಕೆಲಸ ಯಾರಿಗೆ ಸಿಗುತ್ತದೆ, ಎಲ್ಲಿ ಸಿಗುತ್ತದೆ ಎಂಬುದೂ ಬದಲಾಯಿತು. ಚರ್ಮದಿಂದ ಚೀಲಕ್ಕೆ ಬಂದ ಹರಿಗೋಲಿನ ಕಥೆಯೂ ಇಂತಹುದೇ.

ಭಾರತ ಸರ್ಕಾರ ಕಡಲ ಗಾಳಿ ವಿದ್ಯುತ್ತಿನ ನೀತಿಯನ್ನು ೨೦೧೫ರಲ್ಲಿ ಪ್ರಕಟಿಸಿತು. ೨೦೨೪ರಲ್ಲಿ ಗುಜರಾತ್ ಮತ್ತು ತಮಿಳುನಾಡಿನ ಕಡಲಿನಲ್ಲಿ ತಲಾ ೫೦೦ ಮೆಗಾವಾಟ್ ಸ್ಥಾಪನೆಗಾಗಿ ನೆರವಿನ ಯೋಜನೆಗೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು. ಕರ್ನಾಟಕದ ಕರಾವಳಿಯಲ್ಲಿ ಮುಂದೊಂದು ದಿನ ತೇಲುನೆಲೆಗಳ ಮಾತು ಬಂದರೆ ಮೊದಲು ಎದುರಾಗುವ ಪ್ರಶ್ನೆ ಬಂದರಿನ ಆಳದ್ದು. ನವಮಂಗಳೂರು ಬಂದರಿನ ಆಳ ೨೦ ಮೀಟರಿಗಿಂತ ಕಡಿಮೆ. ೮೦ ಮೀಟರ್ ಇಳಿಯುವ ಕೊಳವೆಯನ್ನು ಅಲ್ಲಿ ನೆಟ್ಟಗೆ ನಿಲ್ಲಿಸಿ ಯಂತ್ರ ಜೋಡಿಸಲಾಗದು. ಅಗಲವಾಗಿ ಹರಡಿ, ಕಡಿಮೆ ಮುಳುಗುವ ನೆಲೆಯನ್ನೇ ಅಲ್ಲಿ ಆಲೋಚಿಸಬೇಕಾಗುತ್ತದೆ. ಕೃಷ್ಣೆಯ ಬಂಡೆಗಳು ಹರಿಗೋಲಿನ ತಳವನ್ನು ಚಪ್ಪಟೆಯಾಗಿಸಿದಂತೆ, ಬಂದರಿನ ಆಳವು ತೇಲುನೆಲೆಯ ಆಕಾರವನ್ನು ನಿರ್ಧರಿಸುತ್ತದೆ. ಎರಡರ ಗಾತ್ರಕ್ಕೂ ಅಪಾಯಕ್ಕೂ ಹೋಲಿಕೆಯಿಲ್ಲವೆಂಬುದು ನಿಜ. ಕಡಲಿನ ನೆಲೆಯು ಮುಚ್ಚಿದ ಕೋಣೆಗಳುಳ್ಳದ್ದು, ದಶಕಗಳ ಕಾಲ ಬಿರುಗಾಳಿಯನ್ನು ತಾಳಬೇಕಾದದ್ದು. ಹರಿಗೋಲನ್ನು ದೊಡ್ಡದು ಮಾಡಿದರೆ ಅದು ಆಗುವುದಿಲ್ಲ. ಆದರೆ ಎಲ್ಲಿ ಕಟ್ಟುತ್ತೇವೆ, ಯಾರು ಕಟ್ಟುತ್ತಾರೆ, ಕೆಟ್ಟರೆ ಯಾರು ಸರಿಪಡಿಸುತ್ತಾರೆ ಎಂಬ ಪ್ರಶ್ನೆಗಳನ್ನು ಆಕಾರ ನಿಶ್ಚಯಿಸುವ ಮೊದಲೇ ಕೇಳುವ ಕ್ರಮ ಎರಡಕ್ಕೂ ಸಮಾನ.

೬. ಇಂದಿನ ಸ್ಥಿತಿ ಮತ್ತು ಆಗಬೇಕಾದುದು

ಸೇತುವೆಗಳು ಬಂದ ಮೇಲೆ ಹರಿಗೋಲಿನ ಅಗತ್ಯ ಕಡಿಮೆಯಾಗಿದೆ. ನಿಜಾಮರ ಕಾಲದಲ್ಲಿ ದೇವಸೂಗೂರಿನ ಬಳಿ ಕೃಷ್ಣೆಗೆ ಸೇತುವೆ ಕಟ್ಟಲಾಯಿತು. ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿಯಲ್ಲಿ ಸೇತುವೆಯಿದೆ, ಗೂಗಲ್ ಬಳಿ ಸೇತುವೆ ಸಹಿತ ಬ್ಯಾರೇಜಿದೆ. ಆದರೂ ಅಗತ್ಯ ಪೂರ್ತಿಯಾಗಿ ಅಳಿದಿಲ್ಲ. ೨೦೧೯ರ ಪ್ರವಾಹದಲ್ಲಿ ಹೂವಿನಹೆಡಗಿಯ ಸೇತುವೆಯೇ ಮುಳುಗಿತು. ರಾಯಚೂರು ತಾಲ್ಲೂಕಿನ ಕುರ್ವಕುಲ, ಕುರ್ವಕುರ್ದಾದಂತಹ ನಡುಗಡ್ಡೆಯ ಊರುಗಳ ಜನರಿಗೆ ಹರಿಗೋಲು ಬದುಕಿನ ದಾರಿಯಾಗಿ ಬಂದಿದೆ. ದತ್ತಾತ್ರೇಯ ಪರಂಪರೆಯ ಕ್ಷೇತ್ರವಾದ ಕುರುವಪುರಕ್ಕೆ ಹೋಗುವ ಭಕ್ತರೂ ಹೊಳೆಯನ್ನು ದಾಟಿಯೇ ಹೋಗುತ್ತ ಬಂದಿದ್ದಾರೆ.

ಇದೇ ಹೊಳೆಯಲ್ಲಿ ೨೦೨೦ರ ಆಗಸ್ಟ್‌ನಲ್ಲಿ ಕುರ್ವಕುಲದ ಬಳಿ ಹರಿಗೋಲು ಮಗುಚಿ ಪ್ರಯಾಣಿಕರು ನೀರುಪಾಲಾದರು. ಇಂತಹ ದುರಂತಗಳ ಬಳಿಕ ಕೇಳಿಬರುವ ಮಾತು ಹರಿಗೋಲನ್ನು ನಿಷೇಧಿಸಬೇಕೆಂಬುದು. ಪ್ರವಾಹದ ದಿನಗಳಲ್ಲಿ ನಿಷೇಧ ನ್ಯಾಯವೇ. ಆದರೆ ಬೇರೆ ದಾರಿಯಿಲ್ಲದ ಊರಿಗೆ ನಿಷೇಧವೊಂದೇ ಉತ್ತರವಾಗಲಾರದು. ಹಿಂದಿನ ಅಂಬಿಗ ನೀರಿನ ಬಣ್ಣ, ನೊರೆ, ತೇಲಿಬರುವ ಕಸಗಳಿಂದ ಹೊಳೆ ಏರುವುದನ್ನು ಅರಿಯುತ್ತಿದ್ದ. ಈಗ ಮೇಲಿನ ನಾರಾಯಣಪುರದ ಬಸವಸಾಗರದಿಂದ ಬಿಡುವ ನೀರು ಈ ಭಾಗದ ಕೃಷ್ಣೆಯ ಏರಿಳಿತವನ್ನು ನಿರ್ಧರಿಸುತ್ತದೆ. ಹೊಳೆಯನ್ನು ಓದುವ ಅವನ ವಿದ್ಯೆಗೆ ಜಲಾಶಯದ ಮಾಹಿತಿ ಸಕಾಲಕ್ಕೆ ಸೇರದಿದ್ದರೆ ಆ ವಿದ್ಯೆ ಅಪೂರ್ಣವಾಗುತ್ತದೆ.

ಮೊದಲನೆಯದಾಗಿ, ಪ್ರತಿಯೊಂದು ಹರಿಗೋಲಿನ ಹೊರಮೈಯಲ್ಲಿ ಇಷ್ಟಕ್ಕಿಂತ ಹೆಚ್ಚು ಮುಳುಗಬಾರದೆಂದು ತೋರಿಸುವ ಬಣ್ಣದ ಗೆರೆಯನ್ನು ಎಳೆಯಬೇಕು. ಮೇಲೆ ಹೇಳಿದ ಸರಳ ಲೆಕ್ಕ ಇದಕ್ಕೆ ಸಾಕು. ಎರಡನೆಯದಾಗಿ, ಅಂಚಿನ ಒಳಸುತ್ತಿಗೆ ಬಾಯಿ ಬಿಗಿದ ಖಾಲಿ ಡಬ್ಬಿಗಳನ್ನು ಕಟ್ಟಿದರೆ ನೀರು ತುಂಬಿದಾಗಲೂ ಅದು ಹಿಡಿದುಕೊಳ್ಳಲು ಆಸರೆಯಾಗುತ್ತದೆ. ಇದೂ ಊರಿನಲ್ಲಿಯೇ ಸಿಗುವ ವಸ್ತು. ಪ್ರಯಾಣಿಕರಿಗೆ ಜೀವರಕ್ಷಕ ಅಂಗಿಗಳಂತೂ ಇರಲೇಬೇಕು. ಮೂರನೆಯದಾಗಿ, ಯಂತ್ರರಹಿತ ಜಲವಾಹನಗಳನ್ನೂ ಪರಿಗಣಿಸಿರುವ ೨೦೨೧ರ ಒಳನಾಡು ಜಲವಾಹನ ಕಾಯಿದೆಯ ಅನುಸಾರ ನೋಂದಣಿ, ಪರಿಶೀಲನೆಗಳು ನಡೆಯುವಾಗ ಅನುಭವಿ ಅಂಬಿಗರನ್ನೂ ಹೆಣಿಗೆಯವರನ್ನೂ ಪರೀಕ್ಷಕರ ಸ್ಥಾನದಲ್ಲಿ ಕೂರಿಸಬೇಕು. ನಾಲ್ಕನೆಯದಾಗಿ, ಮೇದಾರರಿಗೆ ಬಿದಿರು ದೊರೆಯುವ ವ್ಯವಸ್ಥೆಯಾಗಬೇಕು. ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಮರವೆಂಬ ಕಾನೂನಿನ ವ್ಯಾಖ್ಯೆಯಿಂದ ೨೦೧೭ರಲ್ಲಿ ಕೈಬಿಟ್ಟಿರುವುದರಿಂದ ಕಾಲುವೆಯ ಅಂಚುಗಳಲ್ಲಿ ಬಿದಿರು ಬೆಳೆಸಿ ಕಡಿಯುವುದಕ್ಕೆ ಹಿಂದಿನ ಅಡ್ಡಿಯಿಲ್ಲ.

ವಸ್ತುಸಂಗ್ರಹಾಲಯದಲ್ಲಿ ಒಂದು ಹರಿಗೋಲನ್ನು ತೂಗುಹಾಕಿದರೆ ನಮಗೆ ಉಳಿಯುವುದು ಬುಟ್ಟಿ ಮಾತ್ರ. ಬಿದಿರನ್ನು ಯಾವ ಹದದಲ್ಲಿ ಸೀಳಬೇಕು, ಯಾವ ಬಿಗಿಯಲ್ಲಿ ಹೆಣೆಯಬೇಕು, ಡಾಂಬರು ಎಷ್ಟು ಕಾಯಬೇಕು ಎಂಬುದು ಕೈಗಳಲ್ಲಿರುವ ತಿಳಿವಳಿಕೆ. ಕಟ್ಟುವವರಿಗೆ ಕೆಲಸವಿರುವಷ್ಟು ಕಾಲ ಮಾತ್ರ ಅದು ಬಾಳುತ್ತದೆ. ರಾಯಚೂರಿನ ತಾಂತ್ರಿಕ ವಿದ್ಯಾರ್ಥಿಯೊಬ್ಬನು ದೇವದುರ್ಗದ ಹೊಳೆದಂಡೆಗೆ ಹೋಗಿ, ಹೆಣಿಗೆಯವರ ಪಕ್ಕದಲ್ಲಿ ಕುಳಿತು, ಅಳತೆ ಹಿಡಿದು ಹರಿಗೋಲನ್ನು ದಾಖಲಿಸುವಂತಾದರೆ ಅದು ಜಾನಪದ ಅಧ್ಯಯನವೂ ಹೌದು, ಎಂಜಿನಿಯರಿಂಗ್ ಪಾಠವೂ ಹೌದು.